ನಡುಗಡ್ಡೆಯಲ್ಲಿ ಗುರುವಂದನೆ

ಕಲ್ಲೂರಿನ ಹಳೆಯ ವಿದ್ಯಾರ್ಥಿಗಳ ತಂಡವೊಂದು ಈ ಸಲದ ಗುರುವಂದನೆಯನ್ನು ಕಲ್ಯಾಣಮಂಟಪದಲ್ಲಿ ನಡೆಸದೆ, ಕೃಷ್ಣಾ ನದಿಯ ನಡುಗಡ್ಡೆಯಾದ ಕುರುವಪುರದಲ್ಲಿ "ಪರಿಸರಸ್ನೇಹಿ"ಯಾಗಿ ನಡೆಸಬೇಕೆಂದು ಆಲೋಚಿಸಿದೆ. ಮೊದಲು ಅಂಡಮಾನಿನ ಹೆಸರು ಕೇಳಿಬಂದಿತ್ತಂತೆ. ಉಷ್ಣವಲಯದ ದ್ವೀಪವೇ ಆಗಬೇಕೆಂದು ಒಬ್ಬರು ಹಟ ಹಿಡಿದಿದ್ದರಂತೆ. ಭೂಗೋಳದ ಪಾಠ ನೆನಪಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಕರ್ಕಾಟಕ ಸಂಕ್ರಾಂತಿ ವೃತ್ತವಿರುವುದು 23.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಮ್ಮ ರಾಯಚೂರು ಇರುವುದು 16 ಡಿಗ್ರಿಯ ಆಸುಪಾಸಿನಲ್ಲಿ. ನೀಲಿ ಸಮುದ್ರವಿಲ್ಲದಿದ್ದರೂ ಕುರುವಪುರ ಉಷ್ಣವಲಯದ ದ್ವೀಪವೇ ಸರಿ. ವಿಮಾನದಲ್ಲಿ ಸಾವಿರಾರು ಕಿಲೋಮೀಟರು ಹಾರಿಹೋಗಿ ಅಲ್ಲಿ ಬಿದಿರಿನ ಚಮಚದಲ್ಲಿ ಉಂಡು ಪರಿಸರವನ್ನು ಉಳಿಸಿದೆವೆನ್ನುವುದಕ್ಕಿಂತ ಇದು ಎಷ್ಟೋ ಮೇಲು. ಆದುದರಿಂದ ಸ್ಥಳದ ಆಯ್ಕೆಗೆ ನನ್ನ ಸಂಪೂರ್ಣ ಸಮ್ಮತಿಯಿದೆ. ಸಮ್ಮತಿಯಿಲ್ಲದಿರುವುದು ಸಿದ್ಧತೆಯ ಪಟ್ಟಿಗೆ.

ಪಟ್ಟಿಯಲ್ಲಿ ಮುನ್ನೂರು ಜನರಿದ್ದಾರೆ. ಕಾಗದದ ತಟ್ಟೆ, ಕಾಗದದ ಲೋಟ, ಸ್ವಾಗತ ಕಮಾನು, ಧ್ವನಿವರ್ಧಕ, ಅಡುಗೆಯ ಗುತ್ತಿಗೆದಾರರು, ಪ್ರತಿಯೊಬ್ಬ ಗುರುಗಳಿಗೂ ಶಾಲು ಮತ್ತು ಸ್ಮರಣಿಕೆ ಎಲ್ಲವೂ ಇವೆ. ಪ್ಲಾಸ್ಟಿಕ್ ಎಂಬ ಪದವೊಂದನ್ನು ಬಿಟ್ಟರೆ ಕಲ್ಯಾಣಮಂಟಪದ ಪಟ್ಟಿಗೂ ಇದಕ್ಕೂ ವ್ಯತ್ಯಾಸವೇನೆಂಬುದು ನನಗೆ ಹೊಳೆಯಲಿಲ್ಲ.

ನಡುಗಡ್ಡೆಗೆ ಒಂದು ವಿಶೇಷ ಗುಣವಿದೆ. ಊರಿನಲ್ಲಾದರೆ ಕಸವನ್ನು ಬೀದಿಯ ಮೂಲೆಗೆ ನೂಕಿ ಮರೆತುಬಿಡಬಹುದು, ನಾಳೆ ಗಾಡಿ ಬಂದೀತು. ನಡುಗಡ್ಡೆಯಲ್ಲಿ "ಆಚೆ" ಎಂಬುದೇ ಇಲ್ಲ. ಆಚೆ ಇರುವುದು ನದಿ. ಬಿಟ್ಟುಬಂದ ಕಸವನ್ನು ಒಂದೋ ಅಲ್ಲಿಯವರು ಸುಟ್ಟು ಅದರ ಹೊಗೆ ಕುಡಿಯಬೇಕು, ಇಲ್ಲವೇ ಮುಂದಿನ ಮಳೆಗಾಲದ ಪ್ರವಾಹ ಅದನ್ನು ಜುರಾಲಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಒಯ್ಯಬೇಕು. ಪ್ರವಾಸಿಗರಿಂದಲೇ ಸಿರಿವಂತವಾದ ಮಾಲ್ಡೀವ್ಸ್, ತನ್ನ ಕಸವನ್ನು ಸುರಿಯಲೆಂದೇ 1990ರ ದಶಕದ ಆರಂಭದಿಂದ ತಿಲಫುಶಿ ಎಂಬ ದ್ವೀಪವನ್ನು ಮೀಸಲಿಡಬೇಕಾಯಿತು. ಫಿಲಿಪ್ಪೀನ್ಸ್ ಸರಕಾರ ಬೊರಾಕೈ ದ್ವೀಪವನ್ನು 2018ರಲ್ಲಿ ಆರು ತಿಂಗಳ ಕಾಲ ಪ್ರವಾಸಿಗರಿಗೆ ಮುಚ್ಚಿ ಶುಚಿಗೊಳಿಸಿತು. ನಮ್ಮ ಪುಟ್ಟ ಕುರುವಪುರಕ್ಕೆ ಅಂಥ ಶಕ್ತಿಯೂ ಇಲ್ಲ, ಅದನ್ನು ಮುಚ್ಚುವವರೂ ಇಲ್ಲ.

ಕಾಗದದ ಲೋಟದ ಬಗೆಗೆ ಒಂದು ಮಾತು. ಬಿಸಿ ಚಹಾ ಸೋರದಂತೆ ಅದರ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪದರವನ್ನು ಅಂಟಿಸಿರುತ್ತಾರೆ. ಹೊಳೆಯುವ ಕಾಗದದ ತಟ್ಟೆಗಳ ಕಥೆಯೂ ಬಹುಪಾಲು ಇದೇ. ಹೆಸರು ಕಾಗದದ್ದು, ಆಯುಷ್ಯ ಪ್ಲಾಸ್ಟಿಕ್ಕಿನದು. ಕರ್ನಾಟಕದಲ್ಲಿ 2016ರಲ್ಲಿಯೇ ಪ್ಲಾಸ್ಟಿಕ್ ತಟ್ಟೆ, ಲೋಟ, ಫ್ಲೆಕ್ಸುಗಳಿಗೆ ನಿಷೇಧ ಬಂತು. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ವಸ್ತುಗಳ ಪಟ್ಟಿಯೊಂದು ನಿಷಿದ್ಧವಾಯಿತು. ಅಲಂಕಾರದ ಥರ್ಮಾಕೋಲ್ ಮಾತ್ರವಲ್ಲ, ಆಮಂತ್ರಣಪತ್ರಿಕೆಗೆ ಸುತ್ತುವ ಹಾಳೆಯೂ ಅದರಲ್ಲಿದೆ. ಗುರುಗಳ ಭಾವಚಿತ್ರದ ಫ್ಲೆಕ್ಸ್ ಮಾಡಿಸುವ ಉತ್ಸಾಹಿಗಳು ಇದನ್ನು ಗಮನಿಸಬೇಕು. ನನ್ನ ಮುಖವನ್ನು ಎರಡಾಳೆತ್ತರಕ್ಕೆ ಹಿಗ್ಗಿಸುವುದರಿಂದ ಯಾರಿಗೂ ಹಿತವಿಲ್ಲ, ನನಗಂತೂ ಮೊದಲೇ ಇಲ್ಲ.

ಹಾಗಾದರೆ ಹೇಗೆ ಮಾಡಬೇಕು? ಇದಕ್ಕೆ ಹೊಸ ಶಾಸ್ತ್ರವೇನೂ ಬೇಕಾಗಿಲ್ಲ. ನಮ್ಮ ಭಾಗದ ಎಳ್ಳಮಾವಾಸ್ಯೆಯ ಚರಗವನ್ನು ನೆನೆದರೆ ಸಾಕು. ಮನೆಮನೆಯಲ್ಲಿ ಸಜ್ಜೆಯ ರೊಟ್ಟಿ, ಕಡುಬು, ಭಜ್ಜಿ ಪಲ್ಯ, ಸೆಂಗಾ ಹೋಳಿಗೆ, ಮೊಸರನ್ನ ಸಿದ್ಧವಾಗುತ್ತಿತ್ತು. ಬುತ್ತಿಯನ್ನು ಬಿಳಿಯ ಅರಿವೆಯಲ್ಲಿ ಕಟ್ಟಿ ಬುಟ್ಟಿಯಲ್ಲಿಟ್ಟು ಬಂಡಿಯಲ್ಲಿ ಹೊಲಕ್ಕೆ ಹೋಗುತ್ತಿದ್ದೆವು. ಮೊದಲ ತುತ್ತು ಭೂಮಿತಾಯಿಗೆ ಚರಗವಾಗಿ ಚೆಲ್ಲಲ್ಪಡುತ್ತಿತ್ತು. ಉಂಡ ಮೇಲೆ ಹೊಲದಲ್ಲಿ ನಮ್ಮ ಗುರುತೆಂದು ಉಳಿಯುತ್ತಿದ್ದುದು ಮುತ್ತಲ ಎಲೆಗಳು ಮಾತ್ರ, ಅವೂ ಗೊಬ್ಬರದ ಪಾಲು. ನೂರಾರು ಜನ ಹಬ್ಬ ಮಾಡಿದ ಮರುದಿನ ಆ ಹೊಲದಲ್ಲಿ ಹಬ್ಬದ ಸುಳಿವೇ ಇರುತ್ತಿರಲಿಲ್ಲ. ಮಲೆನಾಡಿನಿಂದ ಲಾರಿಯಲ್ಲಿ ತರಿಸುವ ಅಡಿಕೆ ಹಾಳೆಯ ತಟ್ಟೆ ಒಳ್ಳೆಯದೇ, ಆದರೆ ನಮಗೆ ಮುತ್ತಲ ಎಲೆ ಹತ್ತಿರದ ನೆಂಟ. ಊಟವಾದ ಎಲೆಗಳನ್ನೂ ಗೋಣಿಚೀಲದಲ್ಲಿ ತುಂಬಿ ಹಿಂದಕ್ಕೆ ತರೋಣ. ಕುಡಿಯುವ ನೀರಿಗೆ ಪ್ರತಿಯೊಬ್ಬರೂ ಮನೆಯಿಂದ ಸ್ಟೀಲಿನ ಲೋಟವೊಂದನ್ನು ತಂದರೆ ಗಂಟೇನು ಹೋಗುತ್ತದೆ? ಕಟಕು ರೊಟ್ಟಿ ಹಲವು ದಿನ ಕೆಡುವುದಿಲ್ಲ, ಆದಕಾರಣ ನಡುಗಡ್ಡೆಯಲ್ಲಿ ಒಲೆ ಹೂಡುವ ಅಗತ್ಯವೇ ಇಲ್ಲ. ಸೌದೆಗೆಂದು ಅಲ್ಲಿಯ ಮರಕ್ಕೆ ಕೈಹಾಕುವ ಪ್ರಸಂಗವೂ ಬಾರದು.

ಇಷ್ಟೆಲ್ಲಕ್ಕಿಂತ ಮುಖ್ಯವಾದುದು ಜನರ ಸಂಖ್ಯೆ. ತಟ್ಟೆ ಎಲೆಯದಾದರೂ ಮುನ್ನೂರು ಜನ ಮುನ್ನೂರೇ. ಆತ್ಕೂರಿನ ದಡದಿಂದ ದೋಣಿಯಲ್ಲಿಯೋ ಹರಿಗೋಲಿನಲ್ಲಿಯೋ ದಾಟಬೇಕು. 2020ರ ಆಗಸ್ಟಿನಲ್ಲಿ ತುಂಬಿದ ಕೃಷ್ಣೆಯಲ್ಲಿ, ಇದೇ ಭಾಗದ ನಡುಗಡ್ಡೆಗೆ ಸಂತೆಯಿಂದ ಮರಳುತ್ತಿದ್ದವರ ಹರಿಗೋಲು ಮಗುಚಿ ಪ್ರಾಣಹಾನಿಯಾದುದನ್ನು ನಾವು ಮರೆಯಲಾಗದು. ಅಂಬಿಗರು ಎಷ್ಟು ಜನರೆನ್ನುತ್ತಾರೋ ಅಷ್ಟೇ ಜನ ಒಮ್ಮೆಗೆ ಕೂಡಬೇಕು, ಒಬ್ಬರೂ ಹೆಚ್ಚಾಗಬಾರದು. ಜೀವರಕ್ಷಕ ಜಾಕೆಟ್ಟು ಎಲ್ಲರ ಮೈಮೇಲೂ ಇರಲಿ. ಅದೊಂದು ಪ್ಲಾಸ್ಟಿಕ್ಕಿಗೆ ನನ್ನ ತಕರಾರಿಲ್ಲ. ನನ್ನ ಎಣಿಕೆಯಲ್ಲಿ ಅರವತ್ತು ಜನ ಸಾಕು. ಉಳಿದವರು ಮರುವರ್ಷ ಬರಲಿ. ಬರುವವರು ಇಪ್ಪತ್ತು ಕಾರುಗಳಲ್ಲಿ ಧೂಳೆಬ್ಬಿಸದೆ ರಾಯಚೂರಿನಿಂದ ಬಸ್ಸು ಗೊತ್ತುಮಾಡಿಕೊಂಡು ಒಟ್ಟಿಗೆ ಬರುವುದು ಮೇಲು. ದಾರಿಯ ಹರಟೆಯೇ ಅರ್ಧ ಗುರುವಂದನೆ.

ಧ್ವನಿವರ್ಧಕ ಬೇಡವೆಂದರೆ ಕೆಲವರಿಗೆ ಬೇಸರವಾದೀತು. ಆದರೆ ಕುರುವಪುರ ನಮ್ಮ ವಿಹಾರಧಾಮವಲ್ಲ. ಗುರುಚರಿತ್ರೆಯನ್ನು ಪಾರಾಯಣ ಮಾಡುವವರಿಗೆ ಅದು ಶ್ರೀಪಾದ ಶ್ರೀವಲ್ಲಭರ ತಪೋಭೂಮಿ. ದೂರದೂರದಿಂದ ಜಪಕ್ಕೆಂದು ಬಂದು ಮೌನವಾಗಿ ಕುಳಿತವರಿರುತ್ತಾರೆ. ನದಿಯ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಮೊಸಳೆಗಳಿಗೂ ಅದೇ ಮನೆ. ನಲವತ್ತು ಮಕ್ಕಳ ತರಗತಿಗೆ ಕೇಳಿಸುತ್ತಿದ್ದ ದನಿ ಅರವತ್ತು ಜನರಿಗೂ ಕೇಳಿಸುತ್ತದೆ. ಶಾಲು, ಸ್ಮರಣಿಕೆಗಳ ಹಣದಲ್ಲಿ ಶಾಲೆಗೆ ನಾಲ್ಕು ನಿಘಂಟುಗಳನ್ನು ಕೊಂಡುಕೊಡಿ. ಗುರುಗಳ ಮನೆಯ ಕಪಾಟಿನಲ್ಲಿ ಶಾಲುಗಳಿಗೆ ಈಗಾಗಲೇ ಸ್ಥಳವಿಲ್ಲ.

ಇನ್ನು ಮುಹೂರ್ತದ ವಿಷಯ. ಜುಲೈನಿಂದ ಅಕ್ಟೋಬರಿನವರೆಗೆ ನಾರಾಯಣಪುರ ಜಲಾಶಯದಿಂದ ಯಾವಾಗ ನೀರು ಬಿಟ್ಟಾರೆಂದು ಹೇಳಲಾಗದು; 2009ರ ಮತ್ತು 2019ರ ನೆರೆಗಳನ್ನು ಕಂಡವರಿಗೆ ವಿವರಿಸಬೇಕಿಲ್ಲ. ಎಳ್ಳಮಾವಾಸ್ಯೆಯ ನಂತರದ ಭಾನುವಾರ ಪ್ರಶಸ್ತ. ದಿನ ನಿಶ್ಚಯಿಸುವ ಮುನ್ನ ಅಂಬಿಗರನ್ನೂ ದೇವಸ್ಥಾನದವರನ್ನೂ ಕೇಳಿಕೊಳ್ಳಿ. ಹೆಸರು ಕೊಡುವವರು ಬುತ್ತಿಯಲ್ಲಿ ಏನು ತರುವಿರೆಂಬುದನ್ನೂ ತಿಳಿಸಿರಿ. ಸೆಂಗಾ ಹೋಳಿಗೆಗೆ ಈಗಾಗಲೇ ನಾಲ್ವರು ಒಪ್ಪಿಕೊಂಡಿದ್ದಾರೆ. ಪುಂಡಿಪಲ್ಯಕ್ಕೆ ಇನ್ನೂ ಯಾರೂ ಮುಂದೆ ಬಂದಿಲ್ಲ.