ನೀರಿನ ಮಿತಿ, ನೆಲದ ಮಿತಿ

ಮನೆಯ ಕಣಜವು ತುಂಬಿದ ಮಾತ್ರಕ್ಕೆ ಗೃಹಸ್ಥನು ನಿಶ್ಚಿಂತನಾಗಲಾಗದು. ಅದನ್ನು ತುಂಬಿದ ನೆಲವು ಮಕ್ಕಳ ಕಾಲಕ್ಕೂ ಉಳಿಯಬೇಕಷ್ಟೆ. ಈ ತಿಂಗಳು ತುಂಗಭದ್ರೆಯ ಸೀಮೆಯ ಸಂಗತಿಯೊಂದನ್ನು ವಾಚಕರ ಮುಂದಿಡಬಯಸುತ್ತೇವೆ.

1876-78ರ ಧಾತು ಕ್ಷಾಮದಲ್ಲಿ ಬಳ್ಳಾರಿಯ ಸೀಮೆಯು ಅನ್ನವಿಲ್ಲದೆ ಬಹಳವಾಗಿ ನೊಂದಿತು. ಅಂತಹ ಸಂಕಟವು ಮರುಕಳಿಸದಿರಲೆಂದು 1945ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟಿಗೆ ಅಸ್ತಿಭಾರವನ್ನಿಟ್ಟರು; 1953ರಲ್ಲಿ ನೀರು ನಿಂತಿತು. ನೀರನ್ನು ತೆಳುವಾಗಿ ಹರಡಿ, ದೂರದೂರದ ಜೋಳ, ಹತ್ತಿಗಳ ಹೊಲಗಳನ್ನು ಕಾಪಾಡುವುದೇ ಮೂಲ ಸಂಕಲ್ಪದ ಮುಖ್ಯ ಭಾಗವಾಗಿದ್ದಿತು. ಆದರೆ ನೀರು ಹೋದೆಡೆಯಲ್ಲೆಲ್ಲ ಬತ್ತವೂ ಹೋಯಿತು.

ಹಂಪೆಯ ಬಂಡೆಗಳ ನಡುವೆ ಹರಿಯುವ ತುರ್ತು ಕಾಲುವೆಯೇ ಮೊದಲಾದ ವಿಜಯನಗರದ ಕಾಲುವೆಗಳ ಕೆಳಗೆ ಬತ್ತ, ಕಬ್ಬು, ಬಾಳೆಗಳು ಮೊದಲಿನಿಂದಲೂ ಉಂಟು. ಅವು ಹೊಳೆಯಂಚಿನ ಪಟ್ಟಿಯನ್ನಷ್ಟೆ ತಣಿಸುತ್ತಿದ್ದುವು. ಹೊಸ ಕಾಲುವೆಗಳಾದರೋ ಕಂಪ್ಲಿಯಾಚೆಗೂ, ಹೊಳೆ ದಾಟಿ ಗಂಗಾವತಿ, ಸಿಂಧನೂರುಗಳ ಕಡೆಗೂ, ಕರಿಯ ಎರೆನೆಲಕ್ಕೆ ನೀರನ್ನೊಯ್ದುವು. ಎರೆಮಣ್ಣು ನೀರನ್ನು ಬೇಗನೆ ಬಸಿಯಗೊಡದು. ವರ್ಷಕ್ಕೆರಡು ಬಾರಿ ಮಡಿಗಳಲ್ಲಿ ನೀರು ನಿಲ್ಲಿಸಿದರೆ ಒಳನೀರು ಬೇರಿನ ಮಟ್ಟಕ್ಕೇರುವುದು. ಬಿಸಿಲು ನೀರನ್ನು ಹೀರಿ ಉಪ್ಪನ್ನು ಮೇಲೆ ಉಳಿಸುವುದು. ಇದೇ ಸವಳು. ಹೀಗೆ ಸಾವಿರಾರು ಎಕರೆ ಕೆಟ್ಟಿದೆ. ಇಳುವರಿ ಕುಗ್ಗಿತೆಂದು ಯೂರಿಯಾ ಹೆಚ್ಚಿಸಿದರೆ, ಅದರಲ್ಲಿ ಬಹುಪಾಲು ಪೈರಿಗೆ ದಕ್ಕದೆ ಗಾಳಿಗೂ ನೀರಿಗೂ ಸೇರುವುದು. ಇತ್ತ ಕಾಲುವೆಯ ಮೊದಲಲ್ಲಿ ನೀರು ಹೆಚ್ಚಾಗಿ ನೆಲ ಕೆಟ್ಟರೆ, ಅತ್ತ ಮಾನ್ವಿ, ರಾಯಚೂರುಗಳ ಕೊನೆಯ ಹೊಲಗಳಿಗೆ ನೀರೇ ಸಾಲದು. ಜಲಾಶಯದಲ್ಲಿಯೂ ಹೂಳು ತುಂಬಿ, 133 ಟಿ.ಎಂ.ಸಿ.ಯಷ್ಟು ಹಿಡಿಯುತ್ತಿದ್ದುದು ಈಗ ಸುಮಾರು 105ಕ್ಕೆ ಇಳಿದಿದೆ.

ಒಕ್ಕಲಿಗನನ್ನು ದೂರುವುದು ನ್ಯಾಯವಲ್ಲ. ಬತ್ತಕ್ಕೆ ಬೆಲೆಯುಂಟು, ಗಿರಣಿಯುಂಟು. ನವಣೆಯನ್ನು ಕೇಳುವವರು ಕಡಿಮೆ. ಬಸಿಗಾಲುವೆ ತೋಡುವುದು, ಹಸಿರೆಲೆ ಗೊಬ್ಬರ ಹಾಕುವುದು, ಕ್ಷಾರ ನೆಲಕ್ಕೆ ಜಿಪ್ಸಮ್ ಬೆರೆಸುವುದು, ಎರಡನೆಯ ಬತ್ತಕ್ಕೆ ಬದಲು ಕಡಲೆ, ಜೋಳಗಳನ್ನು ಬಿತ್ತುವುದು, ಇವು ಅವನ ಕೈಯಲ್ಲಿರುವ ಉಪಾಯಗಳು. ಆ ಬೆಳೆಗೆ ಗಿರಾಕಿಯಾಗುವುದು ನಮ್ಮ ಕೈಯಲ್ಲಿದೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿತು; ವರ್ಷವು ಕಳೆಯಿತು, ಅಗತ್ಯವು ಕಳೆಯಲಿಲ್ಲ.

ಅನ್ನವನ್ನು ಬಿಡಿರೆಂದು ನಾವು ಹೇಳುವುದಿಲ್ಲ. ವಾರಕ್ಕೆ ಮೂರು ದಿನವಾದರೂ ಜೋಳದ ರೊಟ್ಟಿ, ನವಣೆಯ ಅನ್ನ ಎಲೆಗೆ ಬರಲಿ. ಸಂಡೂರಿನ ಮಳೆಯಾಶ್ರಯದ ಹೊಲಕ್ಕೂ ಅದರಿಂದ ಬೆಲೆ ಬರುವುದು; ಕಾಲುವೆಯ ಕೆಳಗಿನ ನೆಲಕ್ಕೂ ಬಿಡುವು ದೊರೆಯುವುದು.