ಕಿವಿಗೆ ತಕ್ಕ ಇಯರ್‌ಫೋನ್

ವಿಜ್ಞಾನದ ಸಾಧನಗಳು ಅರಿತು ಬಳಸಿದರೆ ವರ, ಅರಿಯದೆ ಬಳಸಿದರೆ ಶಾಪ. ಇಯರ್‌ಫೋನ್ ಸಹ ಅಂತಹುದೇ. ಅದರ ಬಣ್ಣ, ಬೆಲೆಗಳನ್ನು ನೋಡುವ ನಾವು ಅದು ಕಿವಿಯಲ್ಲಿ ಸರಿಯಾಗಿ ಕೂರುವುದೇ ಎಂದು ನೋಡುವುದಿಲ್ಲ.

ಸಡಿಲವಾಗಿ ಕುಳಿತರೆ ಹೊರಗಿನ ಗದ್ದಲ ಒಳನುಗ್ಗುತ್ತದೆ. ಆದೋನಿಯ ಹತ್ತಿ ಮಾರುಕಟ್ಟೆಯ ಬಳಿ, ಬಸ್ ನಿಲ್ದಾಣದಲ್ಲಿ ಆ ಗದ್ದಲವನ್ನು ಮೀರಿಸಲು ಧ್ವನಿ ಏರಿಸುತ್ತೇವೆ. ಪೆಟ್ಟು ಬೀಳುವುದು ಒಳಗಿವಿಯ ಸೂಕ್ಷ್ಮ ರೋಮಕೋಶಗಳಿಗೆ. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮಕ್ಕಳು ವಾರಕ್ಕೆ 40 ಗಂಟೆ ಕೇಳುವುದಾದರೆ ಧ್ವನಿ 75 ಡೆಸಿಬಲ್ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಮಾನದಂಡ.

ಪರಿಹಾರ ಮನೆಯಲ್ಲಿಯೇ ಇದೆ. ಇಯರ್‌ಫೋನಿನೊಡನೆ ಬರುವ ಸಣ್ಣ, ದೊಡ್ಡ ರಬ್ಬರ್ ತುದಿಗಳನ್ನು ಬಿಸಾಡದೆ ಒಂದೊಂದಾಗಿ ಹಾಕಿ ನೋಡೋಣ. ಎರಡು ಕಿವಿಗಳೂ ಒಂದೇ ಅಳತೆಯವಾಗಿರಬೇಕೆಂದಿಲ್ಲ. ಸ್ಪಂಜಿನ ತುದಿಯಾದರೆ ಬೆರಳಲ್ಲಿ ಹೊಸೆದು, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲನೆ ಎಳೆದು ಇಟ್ಟರೆ ಅದು ಅರಳಿ ಕೂರುತ್ತದೆ. ತಂತಿಗೆ ಬಣ್ಣದ ನೂಲು ಸುತ್ತಿದರೆ ಅಂದವೂ ಹೌದು, ಸಿಕ್ಕಾಗುವುದೂ ಕಡಿಮೆ.

ಆದರೆ ಅಚ್ಚು ತೆಗೆಯಲೆಂದು ಮೇಣ, ಅಂಟು ಮೊದಲಾದವನ್ನು ಕಿವಿಗೆ ತುಂಬುವ ಸಾಹಸ ಸಲ್ಲದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ಶ್ರವಣ ಸಾಧನಕ್ಕೆ ಅಚ್ಚು ತೆಗೆಯುವವರು ಮೊದಲು ಕಿವಿಯನ್ನು ಪರೀಕ್ಷಿಸಿ, ತಮಟೆಗೆ ತಾಗದಂತೆ ಒಳಗೆ ತಡೆಯಿಟ್ಟೇ ಕೆಲಸ ಮಾಡುತ್ತಾರೆ. ಅದು ಪರಿಣತರ ಕೆಲಸ. ಹಾಗೆಯೇ, ಎಷ್ಟೇ ಚೆನ್ನಾಗಿ ಹೊಂದಿದರೂ ರಸ್ತೆಯಲ್ಲಿ ನಡೆಯುವಾಗ ಕಿವಿಗಳು ತೆರೆದೇ ಇರಲಿ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಹಾಡಿಗೆ ಹೋದ ಕಿವಿಯೂ ಹಾಗೆಯೇ. ಎಚ್ಚರದಿಂದ ಕೇಳೋಣ, ಬಹುಕಾಲ ಕೇಳೋಣ.