ಸುಭಿಕ್ಷಾ ಉಳಿಸಿಹೋದ ಬಾಕಿ

ಸುಭಿಕ್ಷಾ ಎಂಬ ಹೆಸರು ಇಂದಿನ ವಿದ್ಯಾರ್ಥಿಗಳಿಗೆ ಬಹುಶಃ ಅಪರಿಚಿತ. 1997ರಲ್ಲಿ ಚೆನ್ನೈನ ತಿರುವಾನ್ಮಿಯೂರಿನಲ್ಲಿ ಒಂದು ಅಂಗಡಿಯಾಗಿ ಆರಂಭಗೊಂಡ ಈ ಸರಣಿ ಮಳಿಗೆ, ಮೊದಲ ಹಲವು ವರ್ಷ ತಮಿಳುನಾಡಿನ ಎಲ್ಲೆ ದಾಟಲಿಲ್ಲ. ಹವಾನಿಯಂತ್ರಣವಿಲ್ಲದ ಸಣ್ಣ ಅಂಗಡಿ, ಒಳಬೀದಿಯ ಕಡಿಮೆ ಬಾಡಿಗೆ, ಮುದ್ರಿತ ಬೆಲೆಗಿಂತ ಅಗ್ಗವಾದ ದಿನಸಿ ಹಾಗೂ ಔಷಧ: ಲೆಕ್ಕಾಚಾರ ಸರಳವಾಗಿತ್ತು, ಆ ಗಾತ್ರಕ್ಕೆ ಸರಿಯಾಗಿಯೂ ಇತ್ತೆಂದು ಒಪ್ಪಬೇಕು.

ಅನಂತರ ಕರ್ನಾಟಕವೂ ಸೇರಿದಂತೆ ಅನೇಕ ರಾಜ್ಯಗಳಿಗೆ ಹಬ್ಬಿ, 2008ರ ವೇಳೆಗೆ ಮಳಿಗೆಗಳ ಸಂಖ್ಯೆ ಸುಮಾರು 1,600 ಮುಟ್ಟಿತು. ಈ ವಿಸ್ತರಣೆ ಬಹುಪಾಲು ಸಾಲದಿಂದಲೇ ನಡೆಯಿತು. ಅಮೆರಿಕದ ಬ್ಯಾಂಕುಗಳು ಕುಸಿದ ಆ ವರ್ಷ ಹೊಸ ಹಣ ಹುಟ್ಟಲಿಲ್ಲ. ಕಪಾಟುಗಳು ಬರಿದಾದವು, ಗಿರಾಕಿಗಳು ದೂರವಾದರು, 2009ರ ಆರಂಭದಲ್ಲಿ ಬಾಗಿಲುಗಳು ಮುಚ್ಚಿದವು. ನೌಕರರ ಸಂಬಳ, ಕಟ್ಟಡದ ಬಾಡಿಗೆ, ಸರಕು ಕೊಟ್ಟವರ ಹಣ ಎಲ್ಲವೂ ಬಾಕಿ. 2012ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಕಂಪನಿಯ ಸಮಾಪನಕ್ಕೆ ಆದೇಶಿಸಿತು. ಸಮಾಪನದಲ್ಲಿ ಆಸ್ತಿ ಒತ್ತೆ ಹಿಡಿದ ಬ್ಯಾಂಕು ಮತ್ತು ಕಾರ್ಮಿಕರ ಬಾಕಿಗೆ ಮೊದಲ ಸ್ಥಾನ. ನಂಬಿಕೆಯ ಮೇಲೆ ಸರಕು ಹಾಕಿದವನು ಸಾಲಿನ ಕೊನೆಯಲ್ಲಿ ನಿಲ್ಲುತ್ತಾನೆ. ಅವನ ಸರದಿ ಬರುವ ಹೊತ್ತಿಗೆ ಹಂಚಲು ಏನಾದರೂ ಉಳಿದಿದ್ದರೆ ಅದೇ ಭಾಗ್ಯ.

ಈ ಹಳೆಯ ಕಥೆ ತುಮಕೂರು ಸೀಮೆಗೆ ಸಂಬಂಧಿಸಿದ್ದೇ. ದೇವರಾಯನದುರ್ಗದ ತಪ್ಪಲಿನಲ್ಲಾಗಲಿ ಹುಲಿಯೂರುದುರ್ಗದ ಸುತ್ತಲಿನಲ್ಲಾಗಲಿ ಕೃಷಿ ಸಣ್ಣ ಹಿಡುವಳಿಗಳದು. ಗುಬ್ಬಿ, ಕುಣಿಗಲ್ ಸಂತೆಗಳಲ್ಲಿ ಬೆಲೆ ಕುಸಿಯುವುದುಂಟು, ತೂಕದಲ್ಲಿ ಮೋಸವೂ ಉಂಟು. ಆದರೂ ನೇರವಾಗಿ ಮಾರಿದವನ ಹಣ ಸಂಜೆಗೆ ಮಡಿಲಲ್ಲಿರುತ್ತದೆ. ಸರಣಿ ಮಳಿಗೆಗಳ ಖರೀದಿ ಹೆಚ್ಚಾಗಿ ಬೇರೆ ಬಗೆಯದು: ಗಾತ್ರ, ಬಣ್ಣ ನೋಡಿ ಆಯ್ಕೆ, ಉಳಿದದ್ದು ಬೆಳೆಗಾರನಿಗೇ ವಾಪಸು, ಹಣ ಕೆಲವು ದಿನಗಳ ಬಳಿಕ. ಆ ಕೆಲವು ದಿನಗಳ ಮಟ್ಟಿಗೆ ಬೆಳೆಗಾರನೇ ಕಂಪನಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತೆ. ಬ್ಯಾಂಕು ಕೇಳುವ ಒತ್ತೆಯನ್ನು ಅವನು ಕೇಳುವುದಿಲ್ಲ.

ಚೇಳೂರಿನ ಹಲಸನ್ನು ನೋಡಿ. ಹಣ್ಣಾದ ಹಲಸು ನಾಲ್ಕಾರು ದಿನಕ್ಕಿಂತ ಕಾಯುವುದಿಲ್ಲ. ಕೊಳ್ಳುವವನಿಗೆ ಇದು ಗೊತ್ತು. ಗುಬ್ಬಿ ತಾಲ್ಲೂಕಿನ ಸಿದ್ದು ತಳಿಗೆ ಈಗ ಹೆಸರು ಬಂದಿದೆ, ದೂರದ ಮಳಿಗೆಗಳ ಬೇಡಿಕೆಯೂ ಬಂದೀತು. ಬರಲಿ. ಆದರೆ ಒಬ್ಬನೇ ಖರೀದಿದಾರನಿಗೆ ಇಡೀ ಫಸಲು ಒಪ್ಪಿಸದೆ, ಒಂದು ಪಾಲನ್ನಾದರೂ ಸಂತೆಗೆ ಉಳಿಸಿಕೊಳ್ಳಬೇಕು. ಬೆಳೆಗಾರರ ಸಂಘಗಳು ಒಟ್ಟಾಗಿ ಮಾತುಕತೆಗೆ ಕೂತು, ಹಿಂದಿನ ವಾರದ ಬಾಕಿ ತೀರಿದ ಮೇಲೆಯೇ ಮುಂದಿನ ವಾಹನ ಹೊರಡುವುದೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸಬೇಕು. ಆಯ್ಕೆಯಲ್ಲಿ ತಿರಸ್ಕೃತವಾದ ಹಣ್ಣಿನ ಸಾಗಣೆ ಖರ್ಚು ಯಾರದೆಂಬುದನ್ನೂ ಅಲ್ಲಿಯೇ ಬರೆಸಿಕೊಳ್ಳಬೇಕು.